ಪಹಣಿಯಲ್ಲಿನ ಉಲ್ಲೇಖ ಸಂಖ್ಯೆಗಳು: ಅರ್ಜಿದಾರರ ಮಾಹಿತಿಗಾಗಿ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗಗಳಲ್ಲಿ ‘ಉತಾರ’ ಎಂದು ಕರೆಯಲಾಗುವ ಪಹಣಿಯು ಇತರ ದಾಖಲೆಗಳನ್ನು ಆಧರಿಸಿದ ಪತ್ರವಾಗಿರುತ್ತದೆ. ಇದರ 9ನೇ ಕಾಲಂನಲ್ಲಿ ಕಬ್ಜೆದಾರರ ಹೆಸರು, 10ನೇ ಕಾಲಂನಲ್ಲಿ ಹಕ್ಕು ಪ್ರಾಪ್ತವಾದ ರೀತಿ, 11ನೇ ಕಾಲಂನಲ್ಲಿ ಇತರೆ ಹಕ್ಕುಗಳು ಹಾಗೂ ಋಣಗಳು ನಮೂದಾಗಿರುತ್ತವೆ. ಖರೀದಿ, ವಾರಸಾ ಅಥವಾ ವಾಟ್ನಿಯ ಪೂರ್ಣ ವಿವರವು ಮ್ಯುಟೇಶನ್ ರಿಜಿಸ್ಟರಿನಲ್ಲಿದ್ದು, ಪಹಣಿಯಲ್ಲಿ ಅದರ ಎಂ.ಆರ್. ಸಂಖ್ಯೆಯನ್ನು ಮಾತ್ರ ಕಾಣಿಸಲಾಗುತ್ತದೆ.

‘ಭೂಮಿ’ ಯೋಜನೆಯಡಿ 2002ರ ವೇಳೆಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಆಗ ಪಹಣಿಯಲ್ಲಿನ ನಮೂದುಗಳು ಗಣಕಯಂತ್ರಕ್ಕೆ ಬಂದವು. ಅವು ಸೂಚಿಸುವ ಕೈಬರಹದ ಹಳೆಯ ರಿಜಿಸ್ಟರುಗಳು ದಾಖಲೆ ಕೊಠಡಿಯಲ್ಲಿಯೇ ಉಳಿದವು. ಆದುದರಿಂದ ಮುದ್ರಿತ ಪ್ರತಿಯಲ್ಲಿ ಉಲ್ಲೇಖದ ಸಂಖ್ಯೆ ದೊರೆತರೂ ಮೂಲ ವಿವರವನ್ನು ಪ್ರತ್ಯೇಕವಾಗಿ ಪಡೆಯಬೇಕಾಗುತ್ತದೆ.

ಹಳೆಯ ಉಲ್ಲೇಖವನ್ನು ಹುಡುಕುವಾಗ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು:

1. ಎಂ.ಆರ್. ಸಂಖ್ಯೆಯೊಂದರಿಂದಲೇ ದಾಖಲೆಯನ್ನು ಗುರುತಿಸಲಾಗದು. ಗ್ರಾಮ, ಹೋಬಳಿ, ವರ್ಷ ಹಾಗೂ ಸರ್ವೆ ಸಂಖ್ಯೆಯನ್ನು ಜೊತೆಗೆ ಬರೆಯಬೇಕು.

2. ಪೋಡಿ ಆದ ಜಮೀನಿನ ಹಿಸ್ಸಾ ಸಂಖ್ಯೆ ಬದಲಾಗಿರುತ್ತದೆ. ಹಳೆಯ ನಮೂದು ಹಳೆಯ ಸಂಖ್ಯೆಯಲ್ಲಿಯೇ ಇರುವುದರಿಂದ ಎರಡನ್ನೂ ತಿಳಿಸಬೇಕು.

3. 2018ರಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಹಾಗೂ ಕೊಲ್ಹಾರ ಪ್ರತ್ಯೇಕ ತಾಲ್ಲೂಕುಗಳಾದವು. ಈ ಗ್ರಾಮಗಳ ಹಿಂದಿನ ದಾಖಲೆಗಳಲ್ಲಿ ಮೂಲ ತಾಲ್ಲೂಕಿನ ಹೆಸರೇ ಇರುತ್ತದೆ. ಅರ್ಜಿಯಲ್ಲಿ ಎರಡೂ ತಾಲ್ಲೂಕುಗಳ ಹೆಸರನ್ನು ನಮೂದಿಸುವುದು ಸೂಕ್ತ.

4. ಗಣಕಯಂತ್ರದಲ್ಲಿ ಸಿದ್ಧಪಡಿಸಿದ ಅರ್ಜಿಯಲ್ಲಿ ‘ಮೇಲೆ ಹೇಳಿದಂತೆ’ ಅಥವಾ ‘ಲಗತ್ತು 3 ನೋಡಿ’ ಎಂದಷ್ಟೇ ಬರೆಯಬಾರದು. ಕಡತವನ್ನು ಪಿ.ಡಿ.ಎಫ್.ಗೆ ಪರಿವರ್ತಿಸಿದಾಗ ಅಥವಾ ಪುಟಗಳು ಹಿಂದುಮುಂದಾದಾಗ ಇಂತಹ ಸೂಚನೆ ತಪ್ಪು ಪತ್ರದತ್ತ ಕರೆದೊಯ್ಯಬಹುದು. ಕಾಗದದ ಮೇಲೆ ಲಿಂಕ್ ಕೆಲಸ ಮಾಡುವುದಿಲ್ಲ. ‘ಲಗತ್ತು 3: ಮ್ಯುಟೇಶನ್ ಪ್ರತಿ, ಎಂ.ಆರ್. ಸಂಖ್ಯೆ, ವರ್ಷ, ಗ್ರಾಮ’ ಎಂದು ಪೂರ್ಣವಾಗಿ ಬರೆದು, ಅದೇ ಶೀರ್ಷಿಕೆಯನ್ನು ಲಗತ್ತಿನ ಮೇಲ್ಭಾಗದಲ್ಲಿಯೂ ನಮೂದಿಸಬೇಕು.

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಕಲಂ 133ರ ಪ್ರಕಾರ, ಹಕ್ಕು ದಾಖಲೆಯಲ್ಲಿನ ನಮೂದನ್ನು ತದ್ವಿರುದ್ಧವಾಗಿ ಸಾಬೀತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಆಗುವವರೆಗೆ ಸತ್ಯವೆಂದು ಭಾವಿಸತಕ್ಕದ್ದು. ವಾರಸುದಾರರೊಬ್ಬರ ಹೆಸರು ಬಿಟ್ಟುಹೋಗಿದ್ದಲ್ಲಿ ಅದನ್ನು ತೋರಿಸಿಕೊಡುವುದು ಮೂಲ ಮ್ಯುಟೇಶನ್ ಪ್ರತಿಯೇ. ಆದ ಕಾರಣ ಜಮೀನು ಖರೀದಿಸುವ, ವಾಟ್ನಿ ಮಾಡಿಕೊಳ್ಳುವ ಅಥವಾ ಸಾಲಕ್ಕೆ ಅರ್ಜಿ ಸಲ್ಲಿಸುವ ಮುನ್ನ ಸಂಬಂಧಪಟ್ಟ ಎಂ.ಆರ್. ದೃಢೀಕೃತ ಪ್ರತಿಯನ್ನು ಪಡೆದು, ಪಹಣಿಯೊಂದಿಗೆ ತಾಳೆ ನೋಡಿಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.