ತೊಳೆದ ರತ್ನಗಂಬಳಿಯಲ್ಲಿ ಮರಳಿ ಮೂಡುವ ಕಲೆ

ಉಣ್ಣೆಯ ರತ್ನಗಂಬಳಿಯನ್ನು ತೊಳೆದ ಕೂಡಲೆ ನೋಡಿದರೆ ಅದು ನಿರ್ಮಲವಾಗಿಯೇ ಕಾಣುತ್ತದೆ. ಒಂದೆರಡು ದಿನಗಳಲ್ಲಿ ಅದು ಒಣಗುತ್ತ ಬಂದಂತೆ, ಹಳೆಯ ಕಲೆಯಿದ್ದ ಎಡೆಯಲ್ಲಿಯೂ ಕೆಲವೊಮ್ಮೆ ಎಂದೂ ಕಲೆಯಿಲ್ಲದಿದ್ದ ಎಡೆಯಲ್ಲಿಯೂ ಕಂದುಬಣ್ಣದ ಗುರುತುಗಳು ಮೂಡುವುದುಂಟು. ಮನೆಯವರು ತೊಳೆದವನನ್ನು ದೂರುತ್ತಾರೆ. ತೊಳೆದವನು ಸಾಬೂನನ್ನು ದೂರುತ್ತಾನೆ. ಕಡೆಗೆ ಮತ್ತಷ್ಟು ನೀರು, ಮತ್ತಷ್ಟು ಸೋಡಾ ಸುರಿದು ಉಜ್ಜುವುದರಲ್ಲಿ ಬೆಲೆಬಾಳುವ ಹಾಸು ಕೆಟ್ಟುಹೋಗುತ್ತದೆ. ಈ ಕಲೆ ಎಲ್ಲಿಂದ ಬಂದಿತೆಂದು ಮೊದಲೇ ತಿಳಿದಿದ್ದರೆ ಆ ನಷ್ಟವನ್ನು ತಪ್ಪಿಸಬಹುದು.

ಮೊದಲು ಧೂಳಿನ ವಿಚಾರ. ಬೀದರ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಅಲ್ಲಿಯ ಮಣ್ಣಿಗೆ ಕೆಂಪುಬಣ್ಣ ಬಂದುದು ಕಬ್ಬಿಣದ ಆಕ್ಸೈಡುಗಳಿಂದ. ಭಾಲ್ಕಿ, ಔರಾದಗಳ ಕಡೆಗೆ ಹೋದರೆ ಬಸಾಲ್ಟ್ ಶಿಲೆ ಶಿಥಿಲವಾಗಿ ಉಂಟಾದ ಎರೆಮಣ್ಣು ಕಾಣುತ್ತದೆ. ಅದರ ಜೇಡಿಕಣಗಳು ಒಂದು ಮಿಲಿಮೀಟರಿನ 500ನೆಯ ಒಂದು ಪಾಲಿಗಿಂತಲೂ ಸಣ್ಣವು. ಕೆಂಪಾಗಲಿ ಕಪ್ಪಾಗಲಿ, ಕಾಲಿಗಂಟಿ ಒಳಗೆ ಬಂದ ಮಣ್ಣು ಹಾಸಿನ ಮೇಲ್ಭಾಗದಲ್ಲಿ ನಿಲ್ಲದೆ ಎಳೆಗಳ ಬುಡಕ್ಕೆ ಇಳಿಯುತ್ತದೆ. ಚೆಲ್ಲಿದ ಚಹವೂ ಹಾಗೆಯೇ ಇಳಿದು, ಉಣ್ಣೆಯ ಅಡಿಯಲ್ಲಿರುವ ಹತ್ತಿಯ ಅಥವಾ ಸೆಣಬಿನ ನೆಯ್ಗೆಯನ್ನು ಸೇರುತ್ತದೆ. ಮೇಲೆ ಮೇಲೆ ತೊಳೆದಾಗ ಹೋಗುವುದು ಎಳೆಗಳ ತುದಿಯ ಕೊಳೆ ಮಾತ್ರ. ಬುಡದ ಕೊಳೆ ನೀರಿನಲ್ಲಿ ಕದಡಿ ಅಲ್ಲಿಯೇ ಉಳಿಯುತ್ತದೆ.

ಇನ್ನು ಆ ನೀರಿನ ಗತಿಯನ್ನು ನೋಡೋಣ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದು ಕೇಶಾಕರ್ಷಣೆಯಿಂದ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ನಳಿಗೆ ಸಪುರವಾದಷ್ಟೂ ದ್ರವವು ಹೆಚ್ಚು ಎತ್ತರಕ್ಕೆ ಏರುತ್ತದೆ. ಶುಚಿಯಾದ ಗಾಜಿನ ನಳಿಗೆಯ ತ್ರಿಜ್ಯ 1 ಮಿಲಿಮೀಟರಾದರೆ ನೀರು ಸುಮಾರು 1.5 ಸೆಂಟಿಮೀಟರು ಏರುವುದು, 0.1 ಮಿಲಿಮೀಟರಾದರೆ ಸುಮಾರು 15 ಸೆಂಟಿಮೀಟರು. ಉಣ್ಣೆ ಗಾಜಿನಷ್ಟು ಸುಲಭವಾಗಿ ನೆನೆಯದು, ನಿಜ. ಆದರೆ ಸಾಬೂನು ಬಿದ್ದಾಗ ಅದು ಚೆನ್ನಾಗಿ ನೆನೆಯುತ್ತದೆ. ಹಾಸಿನ ಎಳೆಗಳ ನಡುವಣ ಸಂದುಗಳು ಅತಿ ಕಿರಿದು. ಎಳೆಗಳ ಎತ್ತರವಾದರೋ ಒಂದೆರಡು ಸೆಂಟಿಮೀಟರು ಮಾತ್ರ. ನೀರಿಗೆ ಈ ಏರಿಕೆ ಏನೂ ದೊಡ್ಡದಲ್ಲ.

ನೆಲಕ್ಕೆ ಹಾಸಿದ ರತ್ನಗಂಬಳಿ ಒಣಗುವುದು ಗಾಳಿಯಾಡುವ ಮೇಲ್ತುದಿಯಲ್ಲಿ. ಅಲ್ಲಿಯ ನೀರು ಆವಿಯಾದಂತೆ ಬುಡದ ನೀರು ಆ ಸ್ಥಾನಕ್ಕೆ ಏರಿಬರುತ್ತದೆ. ಬರುವಾಗ ಕೊಳೆಯನ್ನೂ ಹೊತ್ತು ತರುತ್ತದೆ. ನೀರು ಗಾಳಿಗೆ ಸೇರಿಹೋಗುತ್ತದೆ, ಕೊಳೆ ತುದಿಯಲ್ಲಿ ನಿಲ್ಲುತ್ತದೆ. ಮಣ್ಣಿನ ಹೂಜಿಯ ಹೊರಮೈಯಲ್ಲಿ ಬಿಳಿಯ ಲವಣ ಕಟ್ಟುವುದೂ ಇದೇ ಕಾರಣದಿಂದ. ಕಲೆ ಉಂಗುರದಂತೆ ಕಾಣುವುದಕ್ಕೂ ಸಮಾಧಾನವುಂಟು. ಕಾಫಿಯ ಹನಿ ಒಣಗಿದಾಗ ಅದರ ಅಂಚೇ ಕಪ್ಪಾಗುವುದೇಕೆಂಬುದನ್ನು 1997ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ವಿವರಿಸಿದರು. ಅಂಚಿನಲ್ಲಿ ಆವಿಯಾದ ನೀರಿನ ಕೊರತೆಯನ್ನು ತುಂಬಲು ನಡುವಿನ ದ್ರವವು ಕಣಗಳೊಡನೆ ಅತ್ತ ಹರಿಯುತ್ತದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಗೋಣಿಯ ಎರಡು ತುಂಡುಗಳ ಮೇಲೆ ಒಂದೊಂದು ಹನಿ ಮಸಿ ಹಾಕಿ, ಪ್ರತಿಯೊಂದರ ಮೇಲೂ ಸಾಬೂನು ನೀರಿನಲ್ಲಿ ನೆನೆಸಿ ಹಿಂಡಿದ ಬಿಳಿಯ ಉಣ್ಣೆಬಟ್ಟೆಯನ್ನು ಹೊದಿಸಿರಿ. ಒಂದನ್ನು ಹಾಗೆಯೇ ಒಣಗಲು ಬಿಡಿರಿ. ಮತ್ತೊಂದರ ಮೇಲೆ ಒತ್ತುಕಾಗದದ ಕೆಲವು ಪದರಗಳನ್ನಿಟ್ಟು, ಅದರ ಮೇಲೆ ಭಾರವನ್ನಿಡಿರಿ. ಮೊದಲನೆಯದರಲ್ಲಿ ಮಸಿ ಉಣ್ಣೆಯ ಮೇಲ್ಮೈಗೆ ಏರಿ ನಿಲ್ಲುತ್ತದೆ. ಎರಡನೆಯದರಲ್ಲಿ ಅದರ ಬಹುಭಾಗ ಕಾಗದಕ್ಕೆ ದಾಟಿಹೋಗುತ್ತದೆ. ರೋಗಕ್ಕೆ ಕಾರಣವಾದ ಕ್ರಿಯೆಯೇ ಇಲ್ಲಿ ಮದ್ದೂ ಆಗಿದೆ.

ಎಲ್ಲ ಕಲೆಗಳೂ ಹೀಗೆ ಬಂದವಲ್ಲ. ಸೆಣಬಿನಲ್ಲಿರುವ ಲಿಗ್ನಿನ್ ಮುಂತಾದ ಪದಾರ್ಥಗಳು ಕ್ಷಾರಯುಕ್ತ ನೀರಿನಲ್ಲಿ ಬಹು ಹೊತ್ತು ನೆನೆದರೆ ಕಂದುಬಣ್ಣವನ್ನು ಬಿಡುತ್ತವೆ. ಅದೂ ನೀರಿನೊಡನೆ ಮೇಲೇರುತ್ತದೆ. ಎಂದೂ ಏನೂ ಚೆಲ್ಲದ ಎಡೆಯಲ್ಲಿ ಕಾಣುವ ಹಳದಿ ಕಂದು ಛಾಯೆ ಸಾಮಾನ್ಯವಾಗಿ ಇದೇ. ಒಣಗಿದ ಮೇಲೆ ಕೆಲವು ವಾರ ಶುಭ್ರವಾಗಿದ್ದು ಅನಂತರ ಮೆಲ್ಲನೆ ಮಾಸಿದರೆ, ಸರಿಯಾಗಿ ಜಾಲಿಸದೆ ಉಳಿದ ಸಾಬೂನಿನ ಅಂಟು ಹೊಸ ಧೂಳನ್ನು ಹಿಡಿಯುತ್ತಿದೆಯೆಂದು ತಿಳಿಯಬೇಕು.

ಕುರುಬರು ನೇಯುವ ಕರಿಯ ಕಂಬಳಿಗೆ ಈ ಬಾಧೆ ಕಡಿಮೆ. ಅದಕ್ಕೆ ಅಡಿಯ ಪದರವಿಲ್ಲ. ಅದನ್ನು ಪೂರ್ತಿಯಾಗಿ ನೀರಿನಲ್ಲಿ ಮುಳುಗಿಸಿ ಜಾಲಿಸಬಹುದು. ನೆಲದ ಮೇಲಿದ್ದಂತೆಯೇ ಒರಸುವ ದೊಡ್ಡ ಹಾಸಿಗೆ ಆ ಸೌಕರ್ಯವಿಲ್ಲ.

ಆದುದರಿಂದ ಹಾಸನ್ನು ನೆನೆಸುವ ಮೊದಲು ಹೊರಗೆ ತೂಗುಹಾಕಿ ಬಡಿದು ಒಣ ಧೂಳನ್ನು ಕೊಡವಬೇಕು. ನೀರನ್ನು ಮಿತವಾಗಿ ಬಳಸಬೇಕು. ತೊಳೆದ ಬಳಿಕ ದಪ್ಪನೆಯ ಬಿಳಿಯ ಬಟ್ಟೆಗಳನ್ನು ಒತ್ತಿ ನೀರನ್ನು ಹೀರಿಸಬೇಕು. ಎತ್ತಬಹುದಾದ ಹಾಸನ್ನು ಬೆನ್ನು ಮೇಲಾಗಿ ಹರಡಿ ಗಾಳಿಗೆ ಒಣಗಿಸಿದರೆ ಕೊಳೆಯ ಬಹುಭಾಗ ಬೆನ್ನಿನ ಕಡೆಗೇ ಸಾಗುತ್ತದೆ. ಉಣ್ಣೆಯು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಒಳಗೆ ಹೀರಿಕೊಳ್ಳಬಲ್ಲದು. ಮಳೆಗಾಲದಲ್ಲಿ ಅದು ಒಣಗುವುದು ನಿಧಾನ. ಹಾಸು ತೊಳೆಯಲು ಒಣಹವೆಯ ದಿನಗಳೇ ಲೇಸು.

ಕಲೆ ಈಗಾಗಲೇ ಮೂಡಿದ್ದರೆ ಆ ಭಾಗವನ್ನು ಮಾತ್ರ ತುಸು ತೇವಗೊಳಿಸಿ, ಬಿಳಿಯ ಬಟ್ಟೆಯ ಪದರಗಳನ್ನೂ ಭಾರವನ್ನೂ ಇಟ್ಟು ರಾತ್ರಿಯೆಲ್ಲ ಬಿಡಬೇಕು. ಸೆಣಬಿನ ಕಂದು ಛಾಯೆಗೆ ಒಂದು ಪಾಲು ಬಿಳಿಯ ವಿನಿಗರಿಗೆ ನಾಲ್ಕು ಪಾಲು ನೀರು ಬೆರೆಸಿ ಒರಸಿದರೆ ಅದು ಬಹುಮಟ್ಟಿಗೆ ತಗ್ಗುತ್ತದೆ. ಬಣ್ಣ ಬಿಡುವುದೇ ಎಂಬುದನ್ನು ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಬೇಕು. ಬಟ್ಟೆ ಸೋಡಾವನ್ನಾಗಲಿ ಬಿಳುಪುಕಾರಿ ದ್ರಾವಣವನ್ನಾಗಲಿ ಎಂದಿಗೂ ಹಾಕಬಾರದು. ಉಣ್ಣೆಯು ಕೆರಟಿನ್ ಎಂಬ ಪ್ರೋಟೀನು. ಕುದಿಯುವ ನೂರಕ್ಕೆ 5ರ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಸೌಮ್ಯವಾದ ಕ್ಷಾರ ಅಷ್ಟು ಬೇಗ ಕರಗಿಸದಿದ್ದರೂ ಪ್ರತಿಸಲವೂ ಎಳೆಗಳನ್ನು ಸ್ವಲ್ಪ ಸ್ವಲ್ಪವಾಗಿ ಸವೆಸುತ್ತದೆ. ಕಲೆಯನ್ನು ಮರುದಿನವೂ ತೆಗೆಯಬಹುದು, ಸವೆದ ಉಣ್ಣೆ ಮರಳಿ ಬಾರದು.