ಬಾಣದ ಕೋಲಿನ ಡೊಂಕು ತೆಗೆಯುವುದು

ಕಾಡಿನಿಂದ ಕಡಿದು ತಂದ ಕೋಲು ನೆಟ್ಟಗಿರುವುದು ಅಪರೂಪ. ಪೊದೆಯ ಎಳೆಗೊಂಬೆಯಾದರೆ ಎಲೆಯೋ ಕವಲೋ ಹೊರಟ ಪ್ರತಿ ಗೆಣ್ಣಿನಲ್ಲೂ ಒಂದಿಷ್ಟು ಸೊಟ್ಟ ಇರುತ್ತದೆ. ದಿಮ್ಮಿಯಿಂದ ಸೀಳಿ ಉರುಟು ಮಾಡಿದ ಕೋಲಿನ ತೊಂದರೆ ಬೇರೆ. ಮರದ ಎಳೆ ಉದ್ದಕ್ಕೂ ಸಾಗದೆ ಓರೆಯಾಗಿ ಪಕ್ಕಕ್ಕೆ ಹೊರಬಿದ್ದಿದ್ದರೆ, ಇಲ್ಲವೇ ಒಂದು ಮಗ್ಗುಲು ಇನ್ನೊಂದಕ್ಕಿಂತ ಹೆಚ್ಚು ಕುಗ್ಗಿದರೆ, ಒಣಗುತ್ತ ಒಣಗುತ್ತ ಅದು ಬಾಗುತ್ತದೆ. ನೇರ ಮಾಡಿಟ್ಟ ಬಾಣವನ್ನೂ ಮಳೆಗಾಲದಲ್ಲಿ ಮೂಲೆಗೆ ಒರಗಿಸಿಟ್ಟರೆ ತಿರುಗಿ ಸೊಟ್ಟಗಾಗಬಹುದು. ಹಾಗಾಗಿ ಡೊಂಕು ತೆಗೆಯುವ ಕೆಲಸ ಬಾಣ ಇರುವಷ್ಟು ದಿನವೂ ಆಗಾಗ ಬೀಳುತ್ತಲೇ ಇರುತ್ತದೆ.

ಹೆದೆ ಹಿಂದಿನಿಂದ ತಳ್ಳುವ ರಭಸಕ್ಕೆ ಎಂಥ ಬಾಣವೂ ಮೊದಲಿಗೆ ಮೀನಿನಂತೆ ಬಳುಕುತ್ತಲೇ ಹಾರುತ್ತದೆ. ನೇರ ಕೋಲಿನ ಬಳುಕು ಪ್ರತಿಸಲವೂ ಒಂದೇ ಬಗೆಯದು. ಬಿಲ್ಲುಗಾರನ ಕೈ ಅದಕ್ಕೆ ಹೊಂದಿಕೊಳ್ಳುತ್ತದೆ, ಗರಿಗಳು ಅದನ್ನು ಬೇಗ ತಣಿಸುತ್ತವೆ. ಸೊಟ್ಟ ಕೋಲಿನಲ್ಲಿ ಮೊನೆಯೂ ಹೆದೆ ಕೂರುವ ಕಚ್ಚೂ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಮೊನೆಯ ಹತ್ತಿರದ ಸೊಟ್ಟವಂತೂ ಕೆಟ್ಟದ್ದು. ಅಲ್ಲಿ ಅಗಲವಾದ ಅಲಗು ಕೂಡಿಸಿದ್ದರೆ ಅದು ದೋಣಿಯ ಚುಕ್ಕಾಣಿಯ ಹಾಗೆ ಬಾಣವನ್ನು ಪಕ್ಕಕ್ಕೆ ಎಳೆದೊಯ್ಯುತ್ತದೆ.

ಡೊಂಕು ತೆಗೆಯುವ ಮೊದಲು ಅದು ಎಲ್ಲಿದೆಯೆಂದು ಕಾಣಬೇಕು. ಇದಕ್ಕೆ ಇಂದಿಗೂ ಒಂದು ಕಣ್ಣು ಮುಚ್ಚಿ, ಕೋಲನ್ನು ಇನ್ನೊಂದು ಕಣ್ಣಿನ ನೇರಕ್ಕೆ ಹಿಡಿದು, ಬೆರಳುಗಳ ನಡುವೆ ನಿಧಾನ ತಿರುಗಿಸುತ್ತ ನೋಡುವುದೇ ಮುಖ್ಯ ಉಪಾಯ. ಪಾಲಿ ಜಾತಕ ಕತೆಗಳಲ್ಲಿ ಮಹಾಜನಕ ಜಾತಕ ಎಂಬುದೊಂದಿದೆ. ರಾಜ್ಯ ತೊರೆದು ಹೊರಟ ರಾಜ ಅದರಲ್ಲಿ ಬಾಣ ಮಾಡುವವನೊಬ್ಬನನ್ನು ಕಾಣುತ್ತಾನೆ. ಆತ ಕೋಲನ್ನು ಕೆಂಡದಲ್ಲಿ ಕಾಸಿ, ಹುಳಿಗಂಜಿಯಿಂದ ತೋಯಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತ ಅದನ್ನು ನೇರ ಮಾಡುತ್ತಿರುತ್ತಾನೆ. ಎರಡು ಕಣ್ಣಿಂದ ನೋಡಿದರೆ ನೋಟ ಹರಡಿಹೋಗುತ್ತದೆ, ಒಂದರಿಂದ ನೋಡಿದರೆ ಸೊಟ್ಟ ಸಿಗುತ್ತದೆ ಎಂಬುದು ಅವನ ವಿವರಣೆ. ಕತೆಗೆ ಬೇಕಾದದ್ದು ಒಂಟಿತನದ ಪಾಠ. ಆದರೆ ಕೆಂಡ, ಗಂಜಿ, ಒಕ್ಕಣ್ಣು ಮೂರನ್ನೂ ಸರಿಯಾದ ಸಾಲಿನಲ್ಲಿ ಹೇಳಬೇಕಾದರೆ ಕತೆ ಕಟ್ಟಿದವರು ಈ ಕೆಲಸವನ್ನು ಹತ್ತಿರದಿಂದ ನೋಡಿದವರೇ ಇರಬೇಕು.

ಕಣ್ಣಿಗೆ ಸಾಲದೆಹೋದರೆ ಬೇರೆ ದಾರಿಗಳಿವೆ. ಗಾಜಿನ ಹಲಗೆಯ ಮೇಲೆ ಉರುಳಿಸಿದರೆ ನೇರ ಕೋಲು ಸದ್ದಿಲ್ಲದೆ ಸಾಗುತ್ತದೆ, ಸೊಟ್ಟ ಕೋಲು ಟಕಟಕ ಬಡಿಯುತ್ತದೆ; ಅಡಿಯಲ್ಲಿ ಬೆಳಕು ತೂರುವ ಜಾಗವೂ ಕಾಣುತ್ತದೆ. ಮೊನೆಯನ್ನು ಅಂಗೈ ಮೇಲೆ ನಿಲ್ಲಿಸಿ ಬುಗುರಿಯಂತೆ ತಿರುಗಿಸಿದರೆ ನಡುಕ ಬೆರಳಿಗೇ ತಿಳಿಯುತ್ತದೆ. ಉಬ್ಬಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡರೆ ಮುಂದಿನ ಕೆಲಸ ಸಲೀಸು.

ಆ ಕೆಲಸ ಶಾಖದ್ದು. ಮರದ ಸೆಲ್ಯುಲೋಸ್ ಎಳೆಗಳನ್ನು ಬೆಸೆದು ಹಿಡಿದಿರುವುದು ಲಿಗ್ನಿನ್ ಎಂಬ ಅಂಟಿನಂಥ ವಸ್ತು. ಮರದಲ್ಲಿ ತೇವವಿದ್ದರೆ ಲಿಗ್ನಿನ್ ಸುಮಾರು 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಒಣಗಿದ್ದರೆ ಇನ್ನೂ ಹೆಚ್ಚು ಕಾವು ಬೇಕು, ಅಷ್ಟರಲ್ಲಿ ಮೇಲ್ಮೈ ಕರಕಲಾಗುವ ಅಪಾಯವಿದೆ. ಹುಳಿಗಂಜಿಯ ಗುಟ್ಟು ಇಲ್ಲಿದೆ: ಗಂಜಿಯ ನೀರು ಮರವನ್ನು ಬೇಗ ಮೆದುಮಾಡುತ್ತದೆ, ಸುಡದಂತೆ ಕಾಯುತ್ತದೆ. ಕೆಲವರು ಕೊಬ್ಬು ಸವರುತ್ತಾರೆ, ಕೆಲವರು ಕುದಿಯುವ ನೀರಿನ ಹಬೆಗೆ ಹಿಡಿಯುತ್ತಾರೆ. ಮೆತ್ತಗಾದ ಕೋಲನ್ನು ಎದುರು ದಿಕ್ಕಿಗೆ, ನೇರಕ್ಕಿಂತ ತುಸು ಆಚೆಗೇ ಬಗ್ಗಿಸಬೇಕು, ಏಕೆಂದರೆ ಬಿಟ್ಟಕೂಡಲೇ ಅದು ಕೊಂಚ ಹಿಂದಕ್ಕೆ ಬರುತ್ತದೆ. ಆರುವವರೆಗೆ ಹಿಡಿದುಕೊಂಡರೆ ಲಿಗ್ನಿನ್ ಗಟ್ಟಿಯಾಗಿ ಎಳೆಗಳು ಹೊಸ ಜಾಗದಲ್ಲಿ ನಿಲ್ಲುತ್ತವೆ. ಬೆರಳು ಗಾತ್ರದ ಕೋಲು ಬೇಗ ಆರಿಬಿಡುವುದರಿಂದ ಗಮನ ಅತ್ತಿತ್ತ ಸರಿಯುವ ಹಾಗಿಲ್ಲ. ಭಾಗವತದ ಅವಧೂತ ತನ್ನ 24 ಗುರುಗಳಲ್ಲಿ ಬಾಣ ಮಾಡುವವನನ್ನೂ ಎಣಿಸುತ್ತಾನೆ. ಪಕ್ಕದಲ್ಲೇ ರಾಜ ಹಾದುಹೋದದ್ದು ಆತನಿಗೆ ತಿಳಿಯಲಿಲ್ಲವಂತೆ. ಕೈಯಲ್ಲಿ ಬಿಸಿ ಕೋಲು ಇದ್ದಿದ್ದರೆ ಅದರಲ್ಲಿ ಅತಿಶಯವೇನೂ ಇಲ್ಲ.

ಉಪಕರಣವೇ ಇಲ್ಲದೆ ಈ ಕೆಲಸ ನಡೆದ ಬಗೆಗೆ ಒಳ್ಳೆಯ ದಾಖಲೆ ಸಿಗುವುದು ಕ್ಯಾಲಿಫೋರ್ನಿಯಾದಿಂದ. ಯಾಹಿ ಬುಡಕಟ್ಟಿನಲ್ಲಿ ಕೊನೆಗೆ ಉಳಿದಿದ್ದ ಇಶಿ 1911ರಲ್ಲಿ ಹೊರಜಗತ್ತಿಗೆ ಬಂದು, 1916ರಲ್ಲಿ ತೀರಿಕೊಳ್ಳುವವರೆಗೆ ಬಹುಪಾಲು ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ. ಅವನಿಂದ ಬಿಲ್ವಿದ್ಯೆ ಕಲಿತ ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನ ಕೈಕೆಲಸವನ್ನು ಹೆಜ್ಜೆಹೆಜ್ಜೆಯಾಗಿ ಬರೆದಿಟ್ಟ. ಇಶಿ ಕೊಂಬೆಗಳ ತೊಗಟೆ ಸುಲಿದು, ಕಟ್ಟುಕಟ್ಟಿ ನೆರಳಲ್ಲಿ ಇಡುತ್ತಿದ್ದ. ಒತ್ತಾಗಿ ಕಟ್ಟಿದ ಕೋಲುಗಳು ಒಣಗುವಾಗ ಒಂದನ್ನೊಂದು ಬಾಗಗೊಡುವುದಿಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆಮೇಲೆ ಒಳ್ಳೆಯವನ್ನು ಆರಿಸಿ, ತಗ್ಗಿದ ಮಗ್ಗುಲನ್ನು ಕೆಂಡದ ಗುಡ್ಡೆಯ ಹತ್ತಿರ ಹಿಡಿದು, ಬಿಸಿಯೇರಿದ ಮೇಲೆ ಉಬ್ಬಿದ ಕಡೆಯಿಂದ ಕಾಲಿನ ಹೆಬ್ಬೆಟ್ಟು ಒತ್ತಿಯೋ ಹೆಬ್ಬೆರಳಿನ ಬುಡಕ್ಕೆ ಆನಿಸಿಯೋ ಬಗ್ಗಿಸುತ್ತಿದ್ದ. ಕೊನೆಗೆ ಎರಡು ಮರಳುಗಲ್ಲುಗಳ ನಡುವೆ ಉಜ್ಜಿ ನಯ ಮಾಡುತ್ತಿದ್ದ.

ಕೈಬೆರಳಿಗೆ ಬಗ್ಗದ ಸಣ್ಣ, ಮೊಂಡು ಸೊಟ್ಟಕ್ಕೆ ಸನ್ನೆ ಬೇಕು. ಅಲಾಸ್ಕಾದ ಎಸ್ಕಿಮೊ ಜನ ದಂತದ ಇಲ್ಲವೇ ಜಿಂಕೆಗೊಂಬಿನ ತುಂಡಿನಲ್ಲಿ ವಜ್ರಾಕಾರದ ತೂತು ಕೊರೆದು, ಅದರೊಳಗೆ ಕೋಲು ತೂರಿಸಿ ಹಿಡಿಯನ್ನು ಓರೆಯಾಗಿ ಒತ್ತುತ್ತಿದ್ದರು. ತೂತಿನ ಎರಡು ಅಂಚುಗಳು ಎರಡು ಕಡೆ ಆನಿಕೊಂಡು, ಬಲವೆಲ್ಲ ಬೇಕಾದ ಒಂದೇ ಜಾಗಕ್ಕೆ ಬೀಳುತ್ತದೆ. ಆ ತುಂಡುಗಳನ್ನು ಕ್ಯಾರಿಬೂ ಜಿಂಕೆಯ ಆಕಾರದಲ್ಲಿ ಕೆತ್ತಿದ್ದೂ ಉಂಟು. ಯೂರೋಪಿನ ಹಿಮಯುಗದ ನೆಲೆಗಳಲ್ಲಿ ಸಿಕ್ಕಿರುವ ತೂತುಳ್ಳ ಜಿಂಕೆಗೊಂಬುಗಳೂ ಇದೇ ಕೆಲಸದವೆಂದು, ಈಟಿಯ ಕೋಲು ನೇರ ಮಾಡುವವೆಂದು, ಹಲವರು ಊಹಿಸಿದ್ದಾರೆ. ಹಗ್ಗ ಹೊಸೆಯುವ ಸಾಧನ ಎನ್ನುವ ವಾದವೂ ಇದೆ; ತಕರಾರು ಮುಗಿದಿಲ್ಲ. ಜಪಾನಿನ ಬಾಣಗಾರರು ಸಣ್ಣ ಜಾತಿಯ ಬಿದಿರನ್ನು ಕಾಸಿ, ತಮೆಗಿ ಎಂಬ, ಓರೆಯಾಗಿ ಗಾಡಿ (ತೋಡು) ಕೊರೆದ ಮರದ ತುಂಡಿನಲ್ಲಿ ಅಡಕಿ ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತ ತಿದ್ದುತ್ತಾರೆ.

ಕ್ಯಾಲಿಫೋರ್ನಿಯಾದ ಹಲವು ಬುಡಕಟ್ಟುಗಳು ಉಪಾಯವನ್ನು ತಿರುವುಹಾಕಿದವು: ಕೋಲಿನ ಬದಲು ಕಲ್ಲನ್ನು ಕಾಸಿದವು. ಗಾಡಿ ಕೊರೆದ ಬಳಪದ ಕಲ್ಲನ್ನು ಬೆಂಕಿಯಲ್ಲಿಟ್ಟು, ಜೊಂಡಿನ ಕೋಲನ್ನು ಆ ಬಿಸಿ ಗಾಡಿಯಲ್ಲಿ ಒತ್ತಿ ಗೆಣ್ಣುಗಳನ್ನು ಬಗ್ಗಿಸುತ್ತಿದ್ದರು. ಬಳಪದ ಕಲ್ಲು ಬೆಂಕಿಗೆ ಬಿರಿಯುವುದಿಲ್ಲ, ಕಾವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಕಲ್ಲಿನ ಮರಿಗೆಯಲ್ಲಿ ಹುಳಿ ಕುದಿಸಿದವರಿಗೆ, ಒಲೆಯಿಂದ ಇಳಿಸಿದ ಮೇಲೂ ಅದು ಕೊತಕೊತ ಎನ್ನುವುದು ಗೊತ್ತು. ಹೊಯ್ಸಳ ಶಿಲ್ಪಿಗಳು ಅದೇ ಜಾತಿಯ ಕಲ್ಲನ್ನು ಆರಿಸಿದ್ದು ಅದರ ಮೆದುತನಕ್ಕಾಗಿ. ಗಾಡಿ ಕೊರೆಯುವವರಿಗೂ ಆ ಗುಣ ಒದಗಿತು.

ಯಂತ್ರದಲ್ಲಿ ಕಡೆದ ಇಂದಿನ ಕೋಲುಗಳಿಗೆ, ಮುಖ್ಯವಾಗಿ ಅಮೆರಿಕದ ಆರೆಗಾನ್ ಕರಾವಳಿಯ ಪೋರ್ಟ್ ಆರ್ಫರ್ಡ್ ಸೀಡರ್ ಮರದವಕ್ಕೆ, ಹಲವು ಸಲ ಬೆಂಕಿಯೇ ಬೇಕಾಗುವುದಿಲ್ಲ. 11/32 ಅಂಗುಲ, ಅಂದರೆ ಸುಮಾರು 8.7 ಮಿಲಿಮೀಟರ್ ದಪ್ಪದ ಕೋಲಿನ ಉಬ್ಬಿಗೆ ನಯವಾದ ಲೋಹದ ಕೊಕ್ಕೆ ಆನಿಸಿ, ಒತ್ತಿ ಹಿಂದೆಮುಂದೆ ಉಜ್ಜುತ್ತಾರೆ. ಒತ್ತಡಕ್ಕೆ ಎಳೆಗಳು ಅಮುಕಿಕೊಳ್ಳುತ್ತವೆ, ಉಜ್ಜಿದ ಬಿಸಿಗೆ ಕೊಂಚ ಸಡಿಲಗೊಳ್ಳುತ್ತವೆ. ಕೊಕ್ಕೆ ಇಲ್ಲದವರಿಗೆ ಅಂಗೈಯ ಬುಡವೇ ಸಾಕು. ಅದಕ್ಕೂ ಜಗ್ಗದ್ದನ್ನು ಬಿಸಿಗಾಳಿಯ ಗನ್ನಿಗೋ ಒಲೆಯ ಮೇಲಿನ ಹಬೆಗೋ ಒಡ್ಡುತ್ತಾರೆ.

ನೇರವಾದ ಕೋಲನ್ನು ಒಂದೆರಡು ದಿನ ಬಿಟ್ಟು ಮತ್ತೆ ನೋಡಬೇಕು. ಹಳೆಯ ಸೊಟ್ಟ ಒಂದಿಷ್ಟು ಮರಳಿರಬಹುದು. ಆಮೇಲೆ ವಾರ್ನಿಷ್ ಬಳಿದರೆ ತೇವ ಒಳಗೆ ಇಳಿಯುವುದು ನಿಧಾನವಾಗುತ್ತದೆ. ಗಂಟಿನ ಬಳಿಯ ಸೊಟ್ಟವನ್ನು ಮುಟ್ಟದಿರುವುದೇ ಲೇಸು, ಅಲ್ಲಿ ಎಳೆಗಳು ಮೊದಲೇ ಕಡಿದಿರುತ್ತವೆ. ಬಗ್ಗಿಸುವಾಗ ಚಟ್ ಎಂದ ಕೋಲನ್ನು, ಬಿರುಕು ಕಾಣದಿದ್ದರೂ, ಮುರಿದು ಒಲೆಗೆ ಹಾಕುತ್ತಾರೆ. ಬಿಲ್ಲಿಗೆ ಹೂಡಿ ಬಿಟ್ಟರೆ ಅದರ ಸೀಳು ನೆಡುವುದು ಬಿಲ್ಲು ಹಿಡಿದ ಕೈಗೇ.