ಬೆನ್ನುಮೂಳೆಯಲ್ಲಿ ಬ್ರುಸೆಲ್ಲಾ: ಕ್ಯಾನ್ಸರ್ ರೋಗಿಗೆ ಇಮ್ಮಡಿ ಅಪಾಯ

ಅರಸೀಕೆರೆಯ ಒಣಭೂಮಿಯಲ್ಲಿ ಕುರಿಮಂದೆ, ಬೇಲೂರು-ಹಳೇಬೀಡಿನ ಮನೆಗಳಲ್ಲಿ ಹಾಲಿನ ಹಸು ಸಾಮಾನ್ಯ. ಇಂಥ ಊರಿನ ಕ್ಯಾನ್ಸರ್ ರೋಗಿಯೊಬ್ಬರಿಗೆ ಕೀಮೋಥೆರಪಿಯ ನಡುವೆ ಬಿಟ್ಟುಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಸೊಂಟನೋವು ಕಾಣಿಸಿತೆಂದು ಭಾವಿಸೋಣ. ಕ್ಯಾನ್ಸರ್ ಮೂಳೆಗೆ ಹರಡಿತೆಂಬ ಶಂಕೆ ಮೊದಲು, ಕ್ಷಯ ಅನಂತರ. ಬ್ರುಸೆಲ್ಲೋಸಿಸ್ ನೆನಪಾಗುವುದು ಅಪರೂಪ.

1887ರಲ್ಲಿ ಮಾಲ್ಟಾದಲ್ಲಿ ಡೇವಿಡ್ ಬ್ರೂಸ್ ಈ ಬ್ಯಾಕ್ಟೀರಿಯವನ್ನು ಗುರುತಿಸಿದ. ಅದು ಮೇಕೆಗಳಿಂದ ಬರುತ್ತದೆಂದು 1905ರಲ್ಲಿ ಜಮಿತ್ ತೋರಿಸಿದ. ಕಾಯಿಸದ ಹಾಲು, ಗರ್ಭಪಾತವಾದ ಪ್ರಾಣಿಯ ಮಾಸು ಇದರ ಮುಖ್ಯ ದಾರಿಗಳು. ನಮ್ಮ ರಾಜ್ಯದಲ್ಲೂ ಇದು ಅಪರೂಪವಲ್ಲ: ಬಿಜಾಪುರದಲ್ಲಿ ಡಾ. ಮಂಟೂರ್ ಮತ್ತು ಸಂಗಡಿಗರು 16 ವರ್ಷಗಳಲ್ಲಿ ಕಂಡ 495 ವಯಸ್ಕ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು.

ಬ್ರುಸೆಲ್ಲಾ ತನ್ನನ್ನು ನುಂಗಿದ ರಕ್ಷಕ ಕೋಶದೊಳಗೇ ಬದುಕುತ್ತದೆ. ಕೀಮೋಥೆರಪಿ, ಸ್ಟೀರಾಯ್ಡ್‌ಗಳು ಕೋಶಗಳ ರಕ್ಷಣೆಯನ್ನು ಕುಗ್ಗಿಸಿದಾಗ ಅದಕ್ಕೆ ಇನ್ನಷ್ಟು ಅನುಕೂಲ. ಕೀಮೋ ನಂತರದ ಜ್ವರಕ್ಕೆ ಕೊಡುವ ಸಾಮಾನ್ಯ ಪ್ರತಿಜೈವಿಕಗಳು ಈ ಅಡಗುದಾಣವನ್ನು ಚೆನ್ನಾಗಿ ತಲುಪವು. ಕ್ಷಯದ ಔಷಧಗಳಾದರೋ ರೋಗವನ್ನು ಅರ್ಧ ತಗ್ಗಿಸಿ ಮರೆಮಾಡಬಹುದು.

ಬೆನ್ನಿನಲ್ಲಿ ಸೊಂಟದ ಕಶೇರುಗಳೇ ಹೆಚ್ಚಾಗಿ ತುತ್ತಾಗುತ್ತವೆ. ಕಶೇರುವಿನ ಮುಂದಿನ ಮೇಲಂಚು ಮೊದಲು ಸವೆಯುತ್ತದೆ. ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲೊಂದನ್ನು ಗಮನಿಸಬೇಕು. ಎಕ್ಸ್-ಕಿರಣವನ್ನು ತಡೆಯುವುದು ಕ್ಯಾಲ್ಸಿಯಂ, ಖನಿಜಾಂಶ ಶೇ. 30ರಿಂದ 50ರಷ್ಟು ಕರಗುವತನಕ ಚಿತ್ರ ಮಾಮೂಲಿನಂತೆಯೇ ಕಾಣಬಹುದು. ಎಂ.ಆರ್.ಐ. ಹಿಡಿಯುವುದು ಹೈಡ್ರೋಜನ್ ಪ್ರೋಟಾನ್‌ಗಳ ಸಂಕೇತವನ್ನು. ಹಾಗಾಗಿ ಮಜ್ಜೆಯಲ್ಲಿ ನೀರೂರಿದೊಡನೆ ಅದಕ್ಕೆ ಸುಳಿವು ಸಿಗುತ್ತದೆ. ಸೋಂಕು ಸಾಮಾನ್ಯವಾಗಿ ಎರಡು ಕಶೇರುಗಳ ನಡುವಣ ಬಿಲ್ಲೆಯನ್ನೂ ಹಿಡಿಯುತ್ತದೆ. ಕ್ಯಾನ್ಸರ್ ಬಿಲ್ಲೆಯನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಆದರೂ ಚಿತ್ರವನ್ನಷ್ಟೇ ನಂಬಿ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಸೂಜಿಯಿಂದ ತೆಗೆದ ಮೂಳೆಚೂರು, ರಕ್ತದ ಕೃಷಿ, ಪ್ರತಿಕಾಯ ಪರೀಕ್ಷೆ ಬೇಕೇಬೇಕು. ಬ್ರುಸೆಲ್ಲಾ ನಿಧಾನವಾಗಿ ಬೆಳೆಯುತ್ತದೆ, ಪ್ರಯೋಗಾಲಯದವರಿಗೇ ಅಂಟಲೂಬಹುದು. ಆದ್ದರಿಂದ ಶಂಕೆಯನ್ನು ಅವರಿಗೆ ಮೊದಲೇ ತಿಳಿಸಬೇಕು.

ಹೃದಯಕ್ಕೆ ತಗಲುವುದು ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ. ಆದರೆ ಈ ರೋಗದ ಸಾವುಗಳಲ್ಲಿ ಹೆಚ್ಚಿನವು ಇದರಿಂದಲೇ. ಮಹಾಪಧಮನಿಯ ಕವಾಟದ ಮೇಲೆ ಬ್ಯಾಕ್ಟೀರಿಯದ ಗಂಟು ಬೆಳೆದು ಕವಾಟ ಹರಿಯುತ್ತದೆ, ರಕ್ತ ಹಿಂದಕ್ಕೆ ಸೋರುತ್ತದೆ. ಶ್ರವಣಾತೀತ ಧ್ವನಿಯ ಪ್ರತಿಧ್ವನಿಯಲ್ಲಿ ಗಂಟೂ, ಡಾಪ್ಲರ್ ಪಲ್ಲಟದಲ್ಲಿ ಸೋರಿಕೆಯೂ ಕಾಣುತ್ತವೆ.

ಸಾಧಾರಣ ಬ್ರುಸೆಲ್ಲೋಸಿಸ್‌ಗೆ ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್ ಇಲ್ಲವೆ ಸ್ಟ್ರೆಪ್ಟೊಮೈಸಿನ್ ಕೊಡುತ್ತಾರೆ. ಅವಧಿ ಆರು ವಾರ. ಬೆನ್ನುಮೂಳೆಗಾದರೆ ಕನಿಷ್ಠ ಮೂರು ತಿಂಗಳು. ಕವಾಟ ಕೆಟ್ಟಿದ್ದರೆ ಅನೇಕ ವೇಳೆ ಶಸ್ತ್ರಚಿಕಿತ್ಸೆಯೂ ಬೇಕು. ನಮ್ಮಲ್ಲಿ ಮನುಷ್ಯರಿಗೆ ಬಳಕೆಯಲ್ಲಿರುವ ಲಸಿಕೆಯಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಲಸಿಕೆ ಹಾಕಲಾಗುತ್ತಿದೆ. ಮನುಷ್ಯರನ್ನು ಹೆಚ್ಚು ಕಾಡುವ ಮೆಲಿಟೆನ್ಸಿಸ್ ಪ್ರಭೇದದ ಮುಖ್ಯ ಆಶ್ರಯ ಮಾತ್ರ ಕುರಿ-ಮೇಕೆಗಳು.